ಕಡಲೆಕಾಯಿ ಪೊಟ್ಟಣದಲ್ಲಿ ಸಿಕ್ಕ ಆಧಾರ್

ಬಸ್ ಸ್ಟ್ಯಾಂಡ್ ಎದುರು 10 ರೂಪಾಯಿಗೆ ಹುರಿದ ಕಡಲೆಕಾಯಿ ತಗೊಂಡಿದ್ದೆ. ತಿಂದು ಮುಗಿಸಿ ಪೊಟ್ಟಣ ಬಿಡಿಸಿದರೆ ನಮ್ಮ ಸೊಸೈಟಿಯ ಸೀಲು! ಚಿನ್ನದ ಸಾಲದ ಅರ್ಜಿಗೆ ಪಿನ್ ಮಾಡಿದ್ದ ಆಧಾರ್ ಜೆರಾಕ್ಸ್. ಫೋಟೋ, ವಿಳಾಸ, 12 ಅಂಕೆ, ಎಲ್ಲಾ ಇತ್ತು. ಮೂಲೆಯಲ್ಲಿ ಯಾರೋ ಪೆನ್ನಲ್ಲಿ ಬರೆದಿದ್ದರು: ಬಳೆ 2, ಸರ 1, ಒಟ್ಟು 46 ಗ್ರಾಂ. ಮನೆ ಎಲ್ಲಿದೆ, ಮನೆಯಲ್ಲಿ ಎಷ್ಟು ಚಿನ್ನ ಇದೆ ಅಂತ ಒಂದೇ ಹಾಳೆಯಲ್ಲಿ ಗೊತ್ತಾಗುತ್ತಿತ್ತು.

ಆ ಸೊಸೈಟಿಯ ಕಂಪ್ಯೂಟರ್ ನೋಡಿಕೊಳ್ಳುವವನು ನಾನೇ. ಅಲ್ಲಿವರೆಗೂ ಸೆಕ್ಯುರಿಟಿ ಅಂದರೆ ವರ್ಷಕ್ಕೊಮ್ಮೆ ಆಂಟಿವೈರಸ್ ರಿನ್ಯೂ ಮಾಡಿಸೋದು ಅಂದುಕೊಂಡಿದ್ದೆ.

ಮ್ಯಾನೇಜರ್‌ಗೆ ತೋರಿಸಿದೆ. "ಹಳೇ ರದ್ದಿ ಕಣಪ್ಪ, ಯಾವತ್ತೋ ಮಾರಿದ್ದು" ಅಂದರು. "ಸರ್, ಆಧಾರ್ ನಂಬರ್ ಹಳೇದಾಗಲ್ಲ" ಅಂದೆ. ಸುಮ್ಮನಾದರು. ಮಾರನೇ ವಾರ ಕಾಗದ ಕತ್ತರಿಸುವ ಮಷಿನ್ ಬಂತು. ಅಗ್ಗದ್ದು, ಉದ್ದುದ್ದ ಪಟ್ಟಿ ಮಾಡುವಂಥದ್ದು. ಪರೀಕ್ಷೆಗೆ ನನ್ನದೇ ಜೆರಾಕ್ಸ್ ಅಡ್ಡಡ್ಡ ಹಾಕಿದೆ. 12 ಅಂಕೆಯೂ ಒಂದೇ ಪಟ್ಟಿಯಲ್ಲಿ ನೀಟಾಗಿ ಹೊರಗೆ ಬಂತು! ಅದನ್ನು ವಾಪಸ್ ಕೊಟ್ಟು, ಚೂರುಚೂರು ಮಾಡುವುದನ್ನು ತರಿಸಿದೆವು.

ಆಮೇಲೆ ಹೊಳೆದದ್ದು, ಪೂರ್ತಿ ನಂಬರ್ ನಮಗೆ ಯಾಕೆ ಬೇಕು? ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್, ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ವೆಬ್‌ಸೈಟಲ್ಲೇ ಸಿಗುತ್ತದೆ. ಆದರೆ ಅದಕ್ಕೆ ಓಟಿಪಿ ಬೇಕು. ನಮ್ಮ ಸದಸ್ಯರಲ್ಲಿ ವಯಸ್ಸಾದವರೇ ಜಾಸ್ತಿ, ಎಷ್ಟೋ ಜನರ ಮೊಬೈಲ್ ಲಿಂಕ್ ಆಗಿಲ್ಲ. ಅಂಥವರಿಗಾಗಿ ಮದುವೆ ಪತ್ರಿಕೆಯ ದಪ್ಪ ಹಾಳೆ ಕತ್ತರಿಸಿ ಒಂದು ಪಟ್ಟಿ ಮಾಡಿದೆ. ಅದನ್ನು ಕಾರ್ಡಿನ ಮೇಲಿಟ್ಟು ಮೊದಲ 8 ಅಂಕೆ ಮುಚ್ಚಿ ಜೆರಾಕ್ಸ್ ಮಾಡುತ್ತೇವೆ. ಇವತ್ತಿಗೂ ಅದೇ ಪಟ್ಟಿ.

ನಿಜವಾದ ತಲೆನೋವು ವಾಟ್ಸಾಪ್. ಬ್ರಾಂಚಿನವರು ದಾಖಲೆಗಳ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಿದ್ದರು. ಗ್ರೂಪಲ್ಲಿ 34 ಜನ. ಕೆಲಸ ಬಿಟ್ಟು ಹೋದ ಪಿಗ್ಮಿ ಕಲೆಕ್ಟರ್ ಕೂಡ ಇದ್ದ! ಒಬ್ಬ ಕ್ಲರ್ಕ್ ಮಗನ ಹುಟ್ಟುಹಬ್ಬದ ಫೋಟೋ ತೋರಿಸಲು ಗ್ಯಾಲರಿ ತೆಗೆದರೆ, ಕೇಕಿನ ಹಿಂದೆ ಮುಂದೆ ಬರೀ ಆಧಾರ್, ಪಾನ್ ಕಾರ್ಡು. ಸ್ಕ್ಯಾನರ್ ಕೊಡಿಸಿ, ಗ್ರೂಪಿಗೆ ಹಾಕಬೇಡಿ ಅಂತ ಸರ್ಕ್ಯುಲರ್ ಹೊರಡಿಸಿದೆ. ಯಾರೂ ಕೇಳಲಿಲ್ಲ. ತಪ್ಪು ಅವರದ್ದಲ್ಲ. ಸ್ಕ್ಯಾನ್ ಮಾಡಿ, ಹೆಸರು ಕೊಟ್ಟು, ಫೋಲ್ಡರ್ ಹುಡುಕಿ ಸೇವ್ ಮಾಡಲು ಮೂರ್ನಾಲ್ಕು ನಿಮಿಷ ಬೇಕು, ಫೋನಲ್ಲಾದರೆ ಹತ್ತು ಸೆಕೆಂಡು. ಕೌಂಟರ್ ಮುಂದೆ ಜನ ನಿಂತಿರುವಾಗ ಇನ್ನೇನು ಮಾಡುತ್ತಾರೆ? ಒಂದು ಬಟನ್ ಒತ್ತಿದರೆ ಸೀದಾ ಹೆಡ್ ಆಫೀಸಿನ ಫೋಲ್ಡರಿಗೆ ಹೋಗುವಂತೆ ಸೆಟ್ ಮಾಡಿಕೊಟ್ಟೆ. ಒಂದು ತಿಂಗಳಲ್ಲಿ ಗ್ರೂಪಿಗೆ ಗುಡ್ ಮಾರ್ನಿಂಗ್ ಹೂವು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಸ್ಕ್ಯಾನರ್‌ಗೆ ದುಡ್ಡು ಸಿಕ್ಕಿದ್ದು ಹೇಗೆ ಅಂದರೆ, 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿವರೆಗೆ ದಂಡ ಇದೆ ಅಂತ ಬೋರ್ಡ್ ಮೀಟಿಂಗಲ್ಲಿ ಓದಿ ಹೇಳಿದೆ. ಆ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ, ಕಡಲೆಕಾಯಿ ಪೊಟ್ಟಣಕ್ಕೆ ಅನ್ವಯಿಸಲ್ಲ. ಅದನ್ನು ಅಲ್ಲಿ ಬಿಡಿಸಿ ಹೇಳಲು ಹೋಗಲಿಲ್ಲ, ಬಿಡಿ.

ಇನ್ನೂ ಒಂದು ಬಾಕಿ ಇದೆ. ಚಿನ್ನ ಪರೀಕ್ಷೆ ಮಾಡುವ ಹಿರಿಯರ ಜೇಬಲ್ಲಿ ಒಂದು ಪಾಕೆಟ್ ಪುಸ್ತಕ ಇರುತ್ತದೆ. ಯಾರದ್ದು, ಯಾವ ಒಡವೆ, ಎಷ್ಟು ಗ್ರಾಂ, ಎಲ್ಲಾ ಅದರಲ್ಲಿದೆ. ಮೂವತ್ತು ವರ್ಷದ ಅಭ್ಯಾಸ. ಸಂಜೆ ಅದನ್ನು ಜೇಬಲ್ಲಿಟ್ಟುಕೊಂಡೇ ಬಸ್ ಹತ್ತುತ್ತಾರೆ. ಅದರ ಬಗ್ಗೆ ಅವರ ಹತ್ತಿರ ಮಾತೆತ್ತುವ ಧೈರ್ಯ ನನಗಿನ್ನೂ ಬಂದಿಲ್ಲ.