ಹಾಲೂಡಿಸುವ ತಾಯಿ ವೀಗನ್ ಆದರೆ: ಕೊಡಗಿನ ಅಡುಗೆಮನೆಯಲ್ಲೇ ಪ್ರೋಟೀನ್ ಹೊಂದಿಸುವ ಬಗೆ

ಹೆರಿಗೆಯಾಗಿ ಮೂರು ತಿಂಗಳಾಗಿತ್ತು. ಮಗಳ ತೂಕ ಚೆನ್ನಾಗಿ ಏರುತ್ತಿತ್ತು, ಅಂಗನವಾಡಿಯಲ್ಲಿ ತಾಯಿ ಕಾರ್ಡಿನ ಮೇಲೆ ಚುಕ್ಕಿ ಇಟ್ಟರೆ ಪ್ರತಿ ಸಲವೂ ಹಸಿರು ಪಟ್ಟಿಯೊಳಗೇ ಬೀಳುತ್ತಿತ್ತು. ಆದರೆ ಮದುವೆಯಲ್ಲಿ ಸೋಪು ಹಚ್ಚಿ ತೊಡಿಸಿದ್ದ ನನ್ನ ಬಳೆ, ಮಗುವನ್ನು ಎದೆಗೆ ಹಾಕಿಕೊಂಡು ಕೈ ಎತ್ತಿದರೆ ಮೊಣಕೈವರೆಗೆ ಜಾರುತ್ತಿತ್ತು. ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು. ಕೂದಲು ಉದುರುವುದು ಬಿಡಿ, ಅದು ಹಾರ್ಮೋನಿನ ಕೆಲಸ, ಮೂರು ನಾಲ್ಕು ತಿಂಗಳಿಗೆ ಬಹಳ ಜನರಿಗೆ ಆಗುತ್ತೆ. ಬಳೆ ಜಾರಿದ್ದು ಬೇರೆ ವಿಷಯ. ನಾನು ಹೊಟ್ಟೆ ತುಂಬ ಉಣ್ಣುತ್ತಿದ್ದೆ, ಆದರೆ ಉಣ್ಣುತ್ತಿದ್ದದ್ದು ಬರೀ ಅಕ್ಕಿ.

ವೀಗನ್ ಬಾಣಂತಿಯನ್ನು ಕಂಡರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ‘ನೀನು ಹಾಲು ಕುಡಿಯಲ್ಲ, ಮೊಟ್ಟೆ ತಿನ್ನಲ್ಲ, ನಾಟಿ ಕೋಳಿ ಸಾರೂ ಬೇಡ ಅಂತೀಯಾ, ಮಗುವಿಗೆ ಹಾಲು ಎಲ್ಲಿಂದ ಬರುತ್ತೆ?’ ಹಾಲು ಬರುತ್ತೆ. ಹಸುವಿನ ಹಾಲು ಕುಡಿದರೆ ಮಾತ್ರ ಎದೆಹಾಲು ಬರುತ್ತೆ ಅನ್ನುವುದು ಸುಳ್ಳು. ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ತಯಾರಾಗುತ್ತದೆ, ತಾಯಿ ಸ್ವಲ್ಪ ಕಡಿಮೆ ಪ್ರೋಟೀನ್ ತಿಂದರೂ ಹಾಲಿನಲ್ಲಿರುವ ಪ್ರೋಟೀನ್ ಅಷ್ಟಾಗಿ ಇಳಿಯುವುದಿಲ್ಲ. ಹಾಗಾದರೆ ಅದು ಎಲ್ಲಿಂದ ಬರುತ್ತೆ? ನಿಮ್ಮ ಸ್ನಾಯುಗಳಿಂದ. ದಿನಕ್ಕೆ ಸುಮಾರು 750 ಮಿಲಿ ಹಾಲು ಕೊಡುತ್ತಿದ್ದರೆ ಎಂಟು ಗ್ರಾಂನಷ್ಟು ಪ್ರೋಟೀನ್ ಮೈಯಿಂದ ಹೊರಗೆ ಹೋಗುತ್ತಿರುತ್ತದೆ, ಅದನ್ನು ತಯಾರಿಸಲು ಅದಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಈ ಲೆಕ್ಕ ಹಾಕಬೇಕಾದದ್ದು ಮಗುವಿಗಿಂತ ಹೆಚ್ಚಾಗಿ ನಿಮಗೋಸ್ಕರ.

ಎಷ್ಟು ಬೇಕು? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಕೊಟ್ಟ ಲೆಕ್ಕದಲ್ಲಿ 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ. ಹಾಲೂಡಿಸುವ ಮೊದಲ ಆರು ತಿಂಗಳು ಅದರ ಮೇಲೆ ಇನ್ನೂ 17 ಗ್ರಾಂ, ಆಮೇಲಿನ ಆರು ತಿಂಗಳು 13 ಗ್ರಾಂ. ಅಂದರೆ ಮೊದಲಿಗೆ 63 ಗ್ರಾಂ ಹತ್ತಿರ. ಕಾಳುಬೇಳೆಯ ಪ್ರೋಟೀನ್ ಪೂರ್ತಿ ಜೀರ್ಣವಾಗುವುದಿಲ್ಲವಾದ್ದರಿಂದ ನಾನು 65ರಿಂದ 70 ಅಂತ ಇಟ್ಟುಕೊಂಡೆ. ನಿಮ್ಮ ತೂಕ ಜಾಸ್ತಿ ಇದ್ದರೆ ಇದೂ ಸ್ವಲ್ಪ ಏರುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಏರಿಸಬೇಡಿ.

ಈಗ ನಮ್ಮ ತಟ್ಟೆ ನೋಡೋಣ. ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ಲವೇ ನೂಪುಟ್ಟು (ಅಕ್ಕಿ ಶಾವಿಗೆ), ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು (ಅಕ್ಕಿ ತರಿಯ ಕಡುಬು). ಮೂರು ಹೊತ್ತೂ ಅಕ್ಕಿಯೇ. ಮಾಂಸ ತಿನ್ನುವ ಮನೆಯಲ್ಲಿ ಕಡಂಬುಟ್ಟಿನ ಪಕ್ಕ ಒಂದು ಕರಿ ಇರುತ್ತದೆ, ಪ್ರೋಟೀನ್ ಅಲ್ಲಿಂದ ಬರುತ್ತದೆ. ನಾವು ಆ ಕರಿ ತೆಗೆದುಬಿಟ್ಟು ಅದರ ಜಾಗಕ್ಕೆ ಚಟ್ನಿ ಮತ್ತು ತರಕಾರಿ ಪಲ್ಯ ಇಡುತ್ತೇವೆ. ಅಲ್ಲೇ ತಪ್ಪಾಗುವುದು. ನೂರು ಗ್ರಾಂ ಅಕ್ಕಿಯಲ್ಲಿ ಏಳೆಂಟು ಗ್ರಾಂ ಪ್ರೋಟೀನ್ ಇದೆ ನಿಜ, ಆದರೆ ಅದರಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ. ಕಾಳುಗಳಲ್ಲಿ ಲೈಸಿನ್ ಧಾರಾಳವಾಗಿದೆ, ಅವುಗಳಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿ ಇದೆ. ಎರಡೂ ಒಂದೇ ತುತ್ತಿನಲ್ಲಿ ಇರಬೇಕಂತಿಲ್ಲ, ಆ ದಿನದಲ್ಲಿ ಎರಡೂ ಹೊಟ್ಟೆಗೆ ಬಿದ್ದರೆ ಸಾಕು.

ನೆನಪಿಡಬೇಕಾದ ಅಳತೆ ಒಂದೇ. ಒಂದು ಹಿಡಿ ಒಣ ಕಾಳು ಸುಮಾರು 30 ಗ್ರಾಂ, ಅದರಲ್ಲಿ ಏಳು ಗ್ರಾಂ ಹತ್ತಿರ ಪ್ರೋಟೀನ್. ಹುರುಳಿ, ಅಲಸಂದೆ, ಹೆಸರುಕಾಳು, ಅವರೆ, ತೊಗರಿ, ಕಡಲೆ, ಎಲ್ಲದಕ್ಕೂ ಹೆಚ್ಚುಕಡಿಮೆ ಇದೇ ಲೆಕ್ಕ. ಕಡಲೆಕಾಯಿ ಬೀಜಕ್ಕೂ ಅಷ್ಟೇ. ನಾನು ಮೊದಲ ವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ, ಆಮೇಲೆ ಕೈಗೇ ಅಂದಾಜು ಬಂತು.

ಒಂದು ದಿನ ಹೇಗಿರುತ್ತೆ ಅಂತ ಹೇಳುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಹುರಿದ ಕಡಲೆಕಾಯಿ ಬೀಜ ಒಂದು ಹಿಡಿ, ಏಳು ಗ್ರಾಂ. ತಿಂಡಿಗೆ ಎರಡು ಅಕ್ಕಿ ರೊಟ್ಟಿ, ಜೊತೆಗೆ ಚಟ್ನಿಯ ಬದಲು ಕಡಲೆ ಕರಿ ಅಥವಾ ಅಲಸಂದೆ ಗಸಿ, ಎರಡೂ ಸೇರಿ ಹದಿನಾಲ್ಕು. ಹನ್ನೊಂದು ಗಂಟೆಗೆ ಹೆಸರುಕಾಳಿನ ಉಸಲಿ ಒಂದು ಬಟ್ಟಲು, ಏಳು. ಮಧ್ಯಾಹ್ನ ಅನ್ನ, ಗಟ್ಟಿಯಾದ ಹುರುಳಿ ಸಾರು, ಸೊಪ್ಪಿನ ಪಲ್ಯ, ಒಂದು ದೊಡ್ಡ ಚಮಚ ಎಳ್ಳು ಪಜ್ಜಿ (ಚಟ್ನಿ), ಒಟ್ಟು ಹತ್ತೊಂಬತ್ತು ಇಪ್ಪತ್ತು. ಸಂಜೆ ಒಂದು ಲೋಟ ಸೋಯಾ ಹಾಲು, ಆರು. ರಾತ್ರಿ ಎರಡು ಚಪಾತಿ ಮತ್ತು 25 ಗ್ರಾಂ ಸೋಯಾ ಚಂಕ್ಸ್ ಹಾಕಿದ ಕರಿ, ಹತ್ತೊಂಬತ್ತು. ಕೂಡಿ ನೋಡಿ, ಎಪ್ಪತ್ತು ದಾಟುತ್ತದೆ. ಮಧ್ಯದಲ್ಲಿ ಒಂದು ಹಿಡಿ ಕಾಳು ತಪ್ಪಿದರೂ ಸಾಕಾಗುವಷ್ಟಿದೆ, ತಪ್ಪೇ ತಪ್ಪುತ್ತದೆ, ಮಗು ಇರುವ ಮನೆ ಅಲ್ವಾ.

ಹುರುಳಿ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ನಮ್ಮಲ್ಲಿ ಹುರುಳಿ ಕಟ್ಟು ಬಾಣಂತಿಗೆ ಒಳ್ಳೆಯದು ಅಂತ ಕೊಡುತ್ತಾರೆ. ಗಂಟೆಗಟ್ಟಲೆ ಬೇಯಿಸಿ, ಬಸಿದು, ಆ ಕಪ್ಪು ನೀರನ್ನು ಇನ್ನೂ ಕಾಯಿಸಿ ಗಟ್ಟಿ ಮಾಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಹುಳಿಗೆ ಎರಡು ಹನಿ ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡುವ ನಮ್ಮ ಕಪ್ಪು ಹುಳಿ) ಬಿಟ್ಟು ಬಡಿಸುತ್ತಾರೆ. ರುಚಿಗೆ ಎರಡು ಮಾತಿಲ್ಲ. ಆದರೆ ನಮ್ಮನೆಯಲ್ಲಿ ಬೆಂದ ಕಾಳೆಲ್ಲ ಹಸುವಿನ ಬಾನಿಗೆ ಹೋಗುತ್ತಿತ್ತು. ಪ್ರೋಟೀನಿನ ಹೆಚ್ಚು ಪಾಲು ಇರುವುದು ಕಾಳಿನಲ್ಲಿ, ನೀರಿನಲ್ಲಿ ಅಲ್ಲ. ಒಂದು ತಿಂಗಳು ನಾನು ಬರೀ ಕಟ್ಟು ಕುಡಿದುಕೊಂಡು ಹುರುಳಿ ತಿನ್ನುತ್ತಿದ್ದೇನೆ ಅಂದುಕೊಂಡಿದ್ದೆ. ಕಟ್ಟು ಬೇಕಾದರೆ ಮಾಡಿ, ಬೆಂದ ಕಾಳಿನಲ್ಲಿ ಅರ್ಧ ಭಾಗ ರುಬ್ಬಿ ಸಾರಿಗೇ ಸೇರಿಸಿ, ಉಳಿದರ್ಧ ತೆಂಗಿನತುರಿ ಹಾಕಿ ಪಲ್ಯ ಮಾಡಿ. ತೊಗರಿಬೇಳೆ ಸಾರಿಗೂ ಇದೇ ಮಾತು, ಮೇಲಿನ ತಿಳಿ ಅಲ್ಲ, ತಳದ ಬೇಳೆ ಬಡಿಸಿಕೊಳ್ಳಿ.

ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ. ಹೊಟ್ಟೆಯುಬ್ಬರ ಕಡಿಮೆಯಾಗುತ್ತೆ, ಕಬ್ಬಿಣದ ಅಂಶವೂ ಮೈಗೆ ಚೆನ್ನಾಗಿ ಹತ್ತುತ್ತೆ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು, ಆದರೆ ಜುಲೈ ತಿಂಗಳ ಕೊಡಗಿನಲ್ಲಿ ಮೊಳಕೆ ಬರಿಸುವ ಕಷ್ಟ ಇಲ್ಲಿರುವವರಿಗೇ ಗೊತ್ತು. ಬಟ್ಟೆಯಲ್ಲಿ ಕಟ್ಟಿಟ್ಟರೆ ಮೂರು ದಿನವಾದರೂ ಮೂತಿ ಹೊರಗೆ ಬರಲ್ಲ, ನಾಲ್ಕನೇ ದಿನ ಲೋಳೆಯಾಗಿ ವಾಸನೆ ಬರುತ್ತದೆ. ಅಮ್ಮ ಹೇಳಿಕೊಟ್ಟ ಉಪಾಯ ಇದು. ನೆನೆದ ಕಾಳನ್ನು ಚೆನ್ನಾಗಿ ಬಸಿದು, ಬಿಸಿ ನೀರಿನಲ್ಲಿ ಹಿಂಡಿದ ಬಟ್ಟೆಯಲ್ಲಿ ಕಟ್ಟಿ, ನೀರು ಕಾಯಿಸುವ ಒಲೆಯ ಪಕ್ಕದ ಗೋಡೆಗೆ ನೇತು ಹಾಕಬೇಕು, ಬೆಂಕಿಗೆ ತೀರಾ ಹತ್ತಿರ ಬೇಡ. ಮುಟ್ಟಿದರೆ ಗಂಟು ಬೆಚ್ಚಗಿರಬೇಕು, ಬಿಸಿಯಾಗಬಾರದು. ಸಂಜೆ ಕಟ್ಟಿದ್ದು ಮರುದಿನ ಸಂಜೆಗೆ ಬಿಳಿ ಬಾಲ ಬಿಟ್ಟಿರುತ್ತದೆ. ಮೊಳಕೆ ಕಾಳನ್ನು ಹಸಿಯಾಗಿ ತಿನ್ನಬೇಡಿ, ಬೇಯಿಸಿಯೇ ತಿನ್ನಿ.

ಮಳೆಗಾಲಕ್ಕೆ ಇನ್ನೊಂದು ಸಿದ್ಧತೆ. ಗಾಳಿಮಳೆಗೆ ಕರೆಂಟ್ ಹೋದರೆ ಮಿಕ್ಸಿ ಇಲ್ಲ, ಚಟ್ನಿ ಇಲ್ಲ. ಮೇ ತಿಂಗಳಲ್ಲೇ ಕಡಲೆಕಾಯಿ, ಹುಚ್ಚೆಳ್ಳು, ಕಪ್ಪು ಎಳ್ಳು, ಅಗಸೆ ಹುರಿದು ಚಟ್ನಿಪುಡಿ ಮಾಡಿ ಎರಡು ದೊಡ್ಡ ಡಬ್ಬ ತುಂಬಿಸಿಟ್ಟುಕೊಳ್ಳಿ. ಎರಡು ಚಮಚ ಅನ್ನಕ್ಕೆ ಕಲಸಿಕೊಂಡರೆ ಮೂರು ನಾಲ್ಕು ಗ್ರಾಂ ಸೇರಿತು. ಒಣಗಿಸಿಟ್ಟ ಹಲಸಿನ ಬೀಜವೂ ಇರಲಿ, ಸೌತೆಕಾಯಿ ಜೊತೆ ಹುಳಿ ಮಾಡಿದರೆ ಬೇಳೆ ಹಾಕುವುದನ್ನು ಮಾತ್ರ ಮರೆಯಬೇಡಿ.

ಸೋಯಾ ಚಂಕ್ಸ್ ಕಂಡರೆ ಮೂಗು ಮುರಿಯುವವರು ಬಹಳ ಜನ. ಸರಿಯಾಗಿ ತೊಳೆಯದಿದ್ದರೆ ವಾಸನೆ ಬರುವುದು ನಿಜ. ಉಪ್ಪು ಹಾಕಿ ಕುದಿಸಿದ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ತಣ್ಣೀರಿನಲ್ಲಿ ಹಾಕಿ ಹಿಂಡಿ. ಹೀಗೆ ಎರಡು ಸಲ ಹಿಂಡಿದ ಮೇಲೆ ಕರಿಮೆಣಸು, ಕೊತ್ತಂಬರಿ, ಜೀರಿಗೆ ಕಪ್ಪಗೆ ಹುರಿದ ಪುಡಿ ಹಾಕಿ, ಕೊನೆಗೆ ಕಾಚಂಪುಳಿ ಹಾಕಿದರೆ ಕಡಂಬುಟ್ಟಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಸೋಯಾ ಹಾಲನ್ನು ಮನೆಯಲ್ಲೇ ಮಾಡುವವರು ಹಿಂಡಿದ ಹಾಲನ್ನು ಕೈಯಾಡಿಸುತ್ತಾ ಹದಿನೈದು ಇಪ್ಪತ್ತು ನಿಮಿಷ ಕುದಿಸಲೇಬೇಕು, ಹಸಿ ಸೋಯಾ ಜೀರ್ಣಕ್ಕೆ ಅಡ್ಡಿ ಮಾಡುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಗೂ ಸೋಯಾಕ್ಕೂ ನಾಲ್ಕು ಗಂಟೆ ಅಂತರ ಇಡಿ. ನಿಮ್ಮ ಮಗುವಿನ ಮಲದಲ್ಲಿ ರಕ್ತದ ಎಳೆ ಕಂಡರೆ ನೀವು ತಿನ್ನುವ ಸೋಯಾ ಅದಕ್ಕೆ ಒಗ್ಗದೆಯೂ ಇರಬಹುದು, ಡಾಕ್ಟರಿಗೆ ತೋರಿಸಿ.

ಕೆಲವು ಮೋಸಗಳೂ ಇವೆ. ಪ್ಯಾಕೆಟ್ಟಿನ ಬಾದಾಮಿ ಹಾಲಿನಲ್ಲಿ ಲೋಟಕ್ಕೆ ಒಂದು ಗ್ರಾಂ ಪ್ರೋಟೀನ್ ಇದ್ದರೆ ಹೆಚ್ಚು. ತೆಂಗಿನ ಹಾಲೂ ಸೋಯಾ ಹಾಲಿಗೆ ಸಮ ಅಲ್ಲ. ಅಣಬೆ ಮಾಂಸಕ್ಕೆ ಸಮ ಅಂತಾರೆ, ನೂರು ಗ್ರಾಂ ಹಸಿ ಅಣಬೆಯಲ್ಲಿ ಇರುವುದು ಎರಡು ಮೂರು ಗ್ರಾಂ. ಬೈಂಬಳೆಯಲ್ಲೂ (ಎಳೆ ಬಿದಿರು, ಕಳಲೆ) ಅಷ್ಟೇ. ರುಚಿಗೆ ತಿನ್ನಿ, ಲೆಕ್ಕಕ್ಕೆ ಹಿಡಿಯಬೇಡಿ. ತಾಯಂದಿರಿಗೆ ಅಂತ ಮಾರುವ ಪೌಡರುಗಳಲ್ಲಿ ಬಹಳಷ್ಟರಲ್ಲಿ ಹಾಲಿನ ಪುಡಿ ಇರುತ್ತದೆ, ಡಬ್ಬದ ಹಿಂದೆ ಓದಿ.

ಪ್ರೋಟೀನ್ ಸರಿ ಇದ್ದು ಒಟ್ಟು ಊಟ ಕಡಿಮೆಯಾದರೂ ಕಷ್ಟ. ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಜಾಸ್ತಿ ಬೇಕು, ಅದು ಸಿಗದಿದ್ದರೆ ಮೈ ಪ್ರೋಟೀನನ್ನೇ ಸೌದೆಯ ಹಾಗೆ ಉರಿಸಿಬಿಡುತ್ತದೆ. ಹೊಟ್ಟೆ ಇಳಿಸುವ ಯೋಚನೆ ಈಗ ಬೇಡ. ತೋಟದ ಬೆಣ್ಣೆ ಹಣ್ಣು, ತೆಂಗಿನಕಾಯಿ, ಎಳ್ಳುಂಡೆ ಧಾರಾಳವಾಗಿ ತಿನ್ನಿ.

ಹಿರಿಯರ ಪಥ್ಯದ ವಿಷಯ ನಾಜೂಕು. ನಮ್ಮ ಅತ್ತೆ ‘ಬೇಳೆ ತಿಂದರೆ ಮಗುವಿಗೆ ಗಾಳಿ ಆಗುತ್ತೆ ಕಣಮ್ಮಾ’ ಅಂತ ನಲವತ್ತು ದಿನ ಬೇಳೆ ಮುಟ್ಟಲು ಬಿಡಲಿಲ್ಲ. ಅವರದು ಪ್ರೀತಿಯೇ. ಆದರೆ ತಾಯಿಯ ಹೊಟ್ಟೆಯ ಗಾಳಿ ಹಾಲಿಗೆ ಇಳಿಯುವುದಿಲ್ಲ. ನಾನು ವಾದ ಮಾಡಲಿಲ್ಲ. ‘ಅತ್ತೆ, ನೀವೇ ಶುಂಠಿ, ಬೆಳ್ಳುಳ್ಳಿ, ಇಂಗು ಹಾಕಿ ಹೆಸರುಬೇಳೆ ಬೇಯಿಸಿಕೊಡಿ, ಎರಡು ದಿನ ನೋಡೋಣ’ ಅಂದೆ. ಮಗಳಿಗೆ ಏನೂ ಆಗಲಿಲ್ಲ. ಮೂರನೇ ದಿನ ಅವರೇ ತೊಗರಿಬೇಳೆಗೆ ಕುಕ್ಕರ್ ಇಟ್ಟರು.

ಅಂಗನವಾಡಿಯ ಮಾತೃಪೂರ್ಣ ಊಟ ಬಿಡಬೇಡಿ. ಹಾಲು, ಮೊಟ್ಟೆ ಬೇಡ ಅಂತ ಮೊದಲೇ ಹೇಳಿ, ಅನ್ನ, ಸಾರು, ಕಡಲೆಕಾಯಿ ಚಿಕ್ಕಿ ಹೇಗೂ ಇರುತ್ತದೆ, ಮೊಳಕೆ ಕಾಳು ಕೊಡುತ್ತಾರಾ ಕೇಳಿ.

ಇಷ್ಟೆಲ್ಲ ಮಾಡಿಯೂ ವಿಟಮಿನ್ ಬಿ12 ಮರೆತರೆ ದೊಡ್ಡ ತಪ್ಪಾಗುತ್ತದೆ. ಕಾಳು, ಸೊಪ್ಪು, ಅಣಬೆ ಯಾವುದರಲ್ಲೂ ನಂಬುವಷ್ಟು ಬಿ12 ಇಲ್ಲ. ಪ್ರೋಟೀನಿನ ಹಾಗಲ್ಲ ಇದು, ತಾಯಿಯ ಮೈಯಲ್ಲಿ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆಯಾಗುತ್ತದೆ, ಮಗುವಿನ ಮೆದುಳಿಗೂ ನರಗಳಿಗೂ ಪೆಟ್ಟು ಬೀಳಬಹುದು. ಮಗು ಮಂಕಾದರೆ, ಬಿಳಿಚಿಕೊಂಡರೆ, ನಗುತ್ತಿದ್ದದ್ದು ನಗದಿದ್ದರೆ, ಕತ್ತು ನಿಂತಿದ್ದದ್ದು ಮತ್ತೆ ವಾಲಿದರೆ, ಕೈ ನಡುಗಿದರೆ ಒಂದು ದಿನವೂ ಕಾಯದೆ ಡಾಕ್ಟರಿಗೆ ತೋರಿಸಿ. ನಿಮಗೆ ಬಿ12 ಮಾತ್ರೆ ಎಷ್ಟು ಬೇಕು ಅಂತ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಮಗುವಿಗೆ ವಿಟಮಿನ್ ಡಿ ಹನಿ ದಿನಕ್ಕೆ 400 ಯೂನಿಟ್ ಕೊಡುವುದು ರೂಢಿ, ನಮ್ಮಲ್ಲಂತೂ ಮಳೆಗಾಲದಲ್ಲಿ ಸೂರ್ಯನ ಮುಖವೇ ಕಾಣಲ್ಲ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ಬೇರೆ ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ಹಾಲಿಲ್ಲದ ಬೆಲ್ಲದ ಕಾಫಿ ನಮಗೆ ಹೇಗೂ ಇದೆ, ಆದರೆ ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ, ದಿನಕ್ಕೆ ಎರಡು ಲೋಟಕ್ಕೆ ನಿಲ್ಲಿಸಿ.

ಕೊನೆಗೆ ರಾತ್ರಿಯ ವಿಷಯ. ಎರಡು ಗಂಟೆಗೆ ಹಾಲು ಕುಡಿಸುವಾಗ ಬರುವ ಹಸಿವು ಅನುಭವಿಸಿದವರಿಗೇ ಗೊತ್ತು. ಆಗ ಎದ್ದು ಅಡುಗೆಮನೆಗೆ ಹೋಗಲು ಆಗಲ್ಲ, ಹಸಿದುಕೊಂಡೇ ಮಲಗುತ್ತೇವೆ. ಹಾಸಿಗೆ ಪಕ್ಕ, ಒಂದೇ ಕೈಯಲ್ಲಿ ತೆರೆಯಲು ಬರುವ ಡಬ್ಬ ಒಂದು ಇಡಿ. ಅದರಲ್ಲಿ ಕಡಲೆಕಾಯಿ ಉಂಡೆ ನಾಲ್ಕು, ಹುರಿಗಡಲೆ ಎರಡು ಹಿಡಿ, ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಬಿಸಿ ನೀರು. ಎರಡು ಉಂಡೆ, ಒಂದು ಹಿಡಿ ಹುರಿಗಡಲೆ ತಿಂದರೆ ಹತ್ತು ಗ್ರಾಂ ಮೀರುತ್ತದೆ. ಬೆಳಿಗ್ಗೆ ಆ ಡಬ್ಬ ತುಂಬಿಸಿಡುವ ಕೆಲಸ ಗಂಡನದು ಅಂತ ಮೊದಲ ದಿನವೇ ಹೇಳಿಬಿಡಿ.