ಇಮ್ಯಾಕ್ಸ್‌ನಲ್ಲಿ ನನ್ನದೇ ಸೆಲೆಕ್ಷನ್ ಫಂಕ್ಷನ್‌ಗಳು: ಹೆಸರು ಮೊದಲು, ಕೀ ಆಮೇಲೆ

ಕೋಟ್ಸ್ ಒಳಗಿರುವ ಕನ್ನಡ ತಿದ್ದುವುದು ನನ್ನ ಕೆಲಸದಲ್ಲಿ ದೊಡ್ಡ ಪಾಲು. ಬೆಂಗಳೂರಿನ ಬಸ್ ಸ್ಟಾಪ್‌ಗಳ ಹೆಸರು, ಆಪ್‌ನಲ್ಲಿ ಕಾಣುವ ಸಂದೇಶ, ಬಟನ್ ಮೇಲಿನ ಮಾತು, ಎಲ್ಲವೂ ಪೈಥಾನ್ ಮತ್ತು ಜೇಸನ್ ಫೈಲ್‌ಗಳಲ್ಲಿ ಸ್ಟ್ರಿಂಗ್ ಆಗಿ, ಅಂದರೆ ಕೋಟ್ಸ್ ನಡುವಿನ ಪಠ್ಯವಾಗಿ, ಕೂತಿರುತ್ತವೆ. "ಬನಶಂಕರಿ ಬಸ್ ನಿಲ್ದಾಣ" ಅಂತ ಇದ್ದದ್ದನ್ನು "ಬನಶಂಕರಿ ಟಿಟಿಎಂಸಿ" ಅಂತ ಮಾಡಬೇಕು. ಕೋಟ್ಸ್ ಹಾಗೇ ಇರಬೇಕು, ಒಳಗಿನದು ಮಾತ್ರ ಬದಲಾಗಬೇಕು. ಇದನ್ನು ಇಡೀ ದಿನ ಮಾಡುವವರಿಗೆ ಸೆಲೆಕ್ಷನ್ ಸಣ್ಣ ವಿಷಯವಲ್ಲ. ಅದಕ್ಕೇ ಇಮ್ಯಾಕ್ಸ್ ಅನ್ನುವ ಟೆಕ್ಸ್ಟ್ ಎಡಿಟರ್‌ನಲ್ಲಿ ನನ್ನದೇ ಒಂದಿಷ್ಟು ಫಂಕ್ಷನ್ ಬರೆದುಕೊಂಡೆ. ಕೋಡ್‌ಗಿಂತ ಜಾಸ್ತಿ ಯೋಚನೆ ಬೇಕಾದದ್ದು ಹೆಸರಿಗೆ.

ಇಮ್ಯಾಕ್ಸ್ ಜೊತೆಗೇ ಬರುವ ಕಮಾಂಡ್‌ಗಳನ್ನು ಮೊದಲು ನೋಡಿ. ಮಾರ್ಕ್-ವರ್ಡ್, ಮಾರ್ಕ್-ಸೆಕ್ಸ್‌ಪ್ (ಸೆಕ್ಸ್‌ಪ್ ಅಂದರೆ ಸ್ಟ್ರಿಂಗ್, ಬ್ರಾಕೆಟ್ ಗುಂಪಿನಂಥ ಕೋಡಿನ ಒಂದು ಪೂರ್ಣ ತುಂಡು), ಮಾರ್ಕ್-ಪ್ಯಾರಾಗ್ರಾಫ್, ಮಾರ್ಕ್-ಡಿಫನ್ (ಡಿಫನ್ ಅಂದರೆ ಫಂಕ್ಷನ್). ಹೆಸರು ನೋಡಿದರೆ ಒಂದೇ ಮನೆಯವರು. ನಡೆದುಕೊಳ್ಳುವ ರೀತಿ ಬೇರೆ. ಮಾರ್ಕ್-ವರ್ಡ್ ಮತ್ತು ಮಾರ್ಕ್-ಸೆಕ್ಸ್‌ಪ್ ಕರ್ಸರ್ ಇದ್ದಲ್ಲಿಂದ ಶುರು ಮಾಡಿ ಮುಂದಕ್ಕೆ ಹೋಗುತ್ತವೆ. "ಬನಶಂಕರಿ"ಯಲ್ಲಿ ಕರ್ಸರ್ "ಶ" ಮೇಲಿದ್ದರೆ ಸಿಗುವುದು "ಶಂಕರಿ" ಮಾತ್ರ. ಮಾರ್ಕ್-ಪ್ಯಾರಾಗ್ರಾಫ್ ಮತ್ತು ಮಾರ್ಕ್-ಡಿಫನ್ ಹಾಗಲ್ಲ. ಕರ್ಸರ್ ನಡುವೆ ಎಲ್ಲೇ ಇರಲಿ, ಇಡೀ ಪ್ಯಾರಾ ಅಥವಾ ಇಡೀ ಫಂಕ್ಷನ್ ಸಿಗುತ್ತದೆ. ಎರಡೂ ಉಪಯೋಗಕ್ಕೆ ಬರುವಂಥವೇ. ಆದರೆ ಯಾವುದು ಹೇಗೆ ಅಂತ ಹೆಸರು ಹೇಳುವುದಿಲ್ಲ, ಒತ್ತಿ ನೋಡಿಯೇ ತಿಳಿಯಬೇಕು.

ಜೊತೆಗೆ ಇಮ್ಯಾಕ್ಸ್‌ನಲ್ಲಿ "ಮಾರ್ಕ್" ಅಂದರೆ ಮೂಲತಃ ಒಂದು ಜಾಗ. ಮಾರ್ಕ್ ಒಂದು ತುದಿ, ಕರ್ಸರ್ ಇನ್ನೊಂದು ತುದಿ, ನಡುವಿನದು ರೀಜನ್. ಇಮ್ಯಾಕ್ಸ್‌ನ ಫೈಲ್ ಪಟ್ಟಿಯಾದ ಡೈರ್ಡ್‌ನಲ್ಲಿ ಫೈಲ್‌ಗೆ ಗುರುತು ಹಾಕುವುದಕ್ಕೂ ಮಾರ್ಕ್ ಅಂತಲೇ ಹೆಸರು. ಹಾಗಾಗಿ ನನ್ನವಕ್ಕೆಲ್ಲ "ಸೆಲೆಕ್ಟ್" ಅಂತ ಇಟ್ಟೆ, ಒಂದು ಕಟ್ಟುನಿಟ್ಟು ಮಾಡಿಕೊಂಡೆ: ಸೆಲೆಕ್ಟ್ ಅಂತ ಇದ್ದರೆ ಅದು ಕರ್ಸರ್‌ನ ಎರಡೂ ಕಡೆ ನೋಡಿ ಇಡೀ ವಸ್ತುವನ್ನು ಹಿಡಿಯುತ್ತದೆ. ಅರ್ಧ ಹಿಡಿಯುವಂಥದ್ದು ಯಾವುದೂ ಆ ಗುಂಪಿನಲ್ಲಿಲ್ಲ.

ಇಮ್ಯಾಕ್ಸ್‌ನ ಸ್ವಂತ ಭಾಷೆಯಾದ ಎಲಿಸ್ಪ್‌ನಲ್ಲಿ ನೇಮ್‌ಸ್ಪೇಸ್, ಅಂದರೆ ಹೆಸರುಗಳಿಗೆ ಬೇರೆ ಬೇರೆ ಕೋಣೆ, ಇಲ್ಲ. ಎಲ್ಲರ ಫಂಕ್ಷನ್‌ಗಳೂ ಒಂದೇ ಚೀಲದಲ್ಲಿ. ಅದಕ್ಕೇ ಪ್ರತಿ ಹೆಸರಿನ ಮುಂದೆ ಒಂದು ಪ್ರಿಫಿಕ್ಸ್ ಹಾಕುವ ರೂಢಿ, ಒಳಗಿನ ಬಳಕೆಗೆ ಮಾತ್ರ ಇರುವುದಕ್ಕೆ ಎರಡು ಹೈಫನ್. ನನ್ನ ಪ್ರಿಫಿಕ್ಸ್ "ನನ್ನ". ಆಮೇಲೆ ಕ್ರಿಯೆ, ಆಮೇಲೆ ವಸ್ತು, ಕೊನೆಗೆ ಎಷ್ಟು ಭಾಗ: ನನ್ನ-ಸೆಲೆಕ್ಟ್-ಸ್ಟ್ರಿಂಗ್-ಇನ್ಸೈಡ್. ಈ ಕ್ರಮ ಸುಮ್ನೆ ಬಂದದ್ದಲ್ಲ. ಪಟ್ಟಿಯಲ್ಲಿ ಹೆಸರುಗಳು ಅಕ್ಷರಕ್ರಮದಲ್ಲಿ ನಿಂತಾಗ ಸ್ಟ್ರಿಂಗ್‌ಗೆ ಸಂಬಂಧಪಟ್ಟವೆಲ್ಲ ಪಕ್ಕಪಕ್ಕ ಬರುತ್ತವೆ. "ಇನ್ಸೈಡ್" ಮೊದಲು ಬಂದಿದ್ದರೆ ಸ್ಟ್ರಿಂಗ್, ಬ್ರಾಕೆಟ್, ಟ್ಯಾಗ್ ಎಲ್ಲ ಕಲಸುಮೇಲೋಗರ ಆಗುತ್ತಿತ್ತು.

ಹೆಸರು ಸರಿ ಇದೆಯಾ ಅಂತ ನೋಡಲು ನಾನು ಮಾಡುವುದು ಇಷ್ಟೇ. ಇಮ್ಯಾಕ್ಸ್ ಬಳಸದ ಒಬ್ಬರಿಗೆ ಹೆಸರು ಓದಿ ಹೇಳಿ, ಏನು ಸೆಲೆಕ್ಟ್ ಆಗುತ್ತದೆ ಅಂತ ಕೇಳುತ್ತೇನೆ. ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗಿಯನ್ನು ಕೇಳಿದಾಗ "ಇನ್ಸೈಡ್" ಒಂದೇ ಸಲಕ್ಕೆ ಪಾಸಾಯಿತು. "ಕೋಟ್ಸ್ ಬಿಟ್ಟು ಒಳಗಿರೋದು ಅಷ್ಟೇ ಅಲ್ವಾ ಸರ್?" ಅಂದಳು. ಕೋಟ್ಸ್ ಸಮೇತ ಹಿಡಿಯುವ ಅದರ ಜೋಡಿಗೆ "ಅರೌಂಡ್" ಅಂತ ಇಡುವ ಯೋಚನೆ ಇತ್ತು. "ಸುತ್ತ ಅಂದ್ರೆ ಎಲ್ಲೀವರೆಗೆ ಸರ್? ಪಕ್ಕದ ಸ್ಪೇಸೂ ಸೇರುತ್ತಾ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ. ವಿಮ್ ಅನ್ನುವ ಇನ್ನೊಂದು ಎಡಿಟರ್‌ನಲ್ಲಿ ಅದೇ ಆಗುತ್ತದೆ: ಕೋಟ್ಸ್ ಸಮೇತ ಹಿಡಿಯುವ ಟೆಕ್ಸ್ಟ್ ಆಬ್ಜೆಕ್ಟ್ ಹಿಂದೆಯೇ ಇರುವ ಖಾಲಿ ಜಾಗವನ್ನೂ ಸೇರಿಸಿಕೊಳ್ಳುತ್ತದೆ. ಅಳಿಸುವಾಗ ಅದು ಅನುಕೂಲ, ಕಾಪಿ ಮಾಡುವಾಗ ಅಲ್ಲ. ನನಗೆ ಸ್ಪೇಸ್ ಬೇಡ. ಹಾಗಾಗಿ ಹೆಸರು ನನ್ನ-ಸೆಲೆಕ್ಟ್-ಸ್ಟ್ರಿಂಗ್-ವಿತ್-ಕೋಟ್ಸ್ ಆಯಿತು. ಉದ್ದ ಇದೆ, ಇರಲಿ. ಟೈಪ್ ಮಾಡುವುದು ಹೆಸರನ್ನು ತಾನೇ ಪೂರ್ತಿ ಮಾಡುವ ಕಂಪ್ಲೀಷನ್, ಓದುವುದು ಮಾತ್ರ ನಾನು.

ಈಗ ಒಳಗಿನ ಕೆಲಸ. ಕೋಟ್ಸ್ ಹುಡುಕುವುದು ಸುಲಭ ಅನಿಸುತ್ತದೆ: ಎಡಕ್ಕೆ ಹೋಗಿ ಮೊದಲು ಸಿಗುವ ಕೋಟ್, ಬಲಕ್ಕೆ ಹೋಗಿ ಮೊದಲು ಸಿಗುವ ಕೋಟ್, ನಡುವಿನದು ಸ್ಟ್ರಿಂಗ್. ಈ ಸಾಲು ನೋಡಿ:

"ಮಾರ್ಗ " + ಸಂಖ್ಯೆ + " ಹೊರಟಿದೆ"

ಕರ್ಸರ್ "ಸಂಖ್ಯೆ" ಅನ್ನುವ ವೇರಿಯಬಲ್ ಮೇಲಿದೆ ಅಂದುಕೊಳ್ಳಿ. ಎಡಕ್ಕೂ ಕೋಟ್ ಇದೆ, ಬಲಕ್ಕೂ ಇದೆ. ಆ ಲೆಕ್ಕದಲ್ಲಿ ಎರಡು ಪ್ಲಸ್ ಚಿಹ್ನೆ ಸಮೇತ ಕೋಡ್ ಸೆಲೆಕ್ಟ್ ಆಗುತ್ತದೆ. ಅದು ಸ್ಟ್ರಿಂಗೇ ಅಲ್ಲ. ಸ್ಟ್ರಿಂಗ್ ಒಳಗೆ ಬ್ಯಾಕ್‌ಸ್ಲ್ಯಾಶ್ ಹಾಕಿದ ಕೋಟ್ ಇದ್ದರೆ ಇನ್ನೊಂದು ತೊಡಕು, ಅಲ್ಲಿಗೇ ನಿಂತುಬಿಡುತ್ತದೆ. ಇದಕ್ಕೆ ಇಮ್ಯಾಕ್ಸ್‌ನಲ್ಲೇ ಮದ್ದಿದೆ: ಸಿಂಟ್ಯಾಕ್ಸ್-ಪಿಪಿಎಸ್‌ಎಸ್. ಕರ್ಸರ್ ಎಲ್ಲಿದೆ ಅನ್ನುವುದರ ಬಗ್ಗೆ ಅದು ಒಂದು ಪಟ್ಟಿ ಕೊಡುತ್ತದೆ. ಸೊನ್ನೆಯಿಂದ ಎಣಿಸಿದರೆ 3ನೇ ಜಾಗದಲ್ಲಿರುವುದು ಸ್ಟ್ರಿಂಗ್ ಒಳಗಿದ್ದೀವಾ ಇಲ್ಲವಾ ಅನ್ನುವುದು, 8ನೇ ಜಾಗದಲ್ಲಿ ಆ ಸ್ಟ್ರಿಂಗ್ ಎಲ್ಲಿ ಶುರುವಾಯಿತು ಅನ್ನುವುದು. ಶುರು ಸಿಕ್ಕಿದರೆ ಅಲ್ಲಿಂದ ಫಾರ್ವರ್ಡ್-ಸೆಕ್ಸ್‌ಪ್ ಒಂದು ಸಲ, ಕೊನೆಯೂ ಸಿಕ್ಕಿತು. ಬ್ಯಾಕ್‌ಸ್ಲ್ಯಾಶ್ ಚಿಂತೆ ಅದರದ್ದೇ. ಪೈಥಾನ್‌ನ ಮೂರು ಕೋಟ್‌ಗಳ ಸ್ಟ್ರಿಂಗ್‌ಗೆ ಮಾತ್ರ ಎರಡೂ ತುದಿಯಲ್ಲಿ ಮೂರು ಮೂರು ಅಕ್ಷರ ಬಿಡುವ ಒಂದು ಷರತ್ತು ಸೇರಿಸಿದೆ.

ಸ್ಟ್ರಿಂಗ್ ಒಳಗೆ ಇಲ್ಲವೇ ಇಲ್ಲ ಅಂದರೆ? ಹತ್ತಿರದ ಸ್ಟ್ರಿಂಗ್ ಹಿಡಿಯುವುದು ಜಾಣತನ ಅನಿಸಬಹುದು. ಸುಮ್ಮನೆ ಏನೂ ಮಾಡದೆ ಇರುವುದೂ ಒಂದು ದಾರಿ. ನಾನು ಎರಡನ್ನೂ ಬಿಟ್ಟು ಯೂಸರ್-ಎರರ್ ಕೊಡುತ್ತೇನೆ. ಕಾರಣ ಕೀಬೋರ್ಡ್ ಮ್ಯಾಕ್ರೋ, ಅಂದರೆ ಒತ್ತಿದ ಕೀಗಳನ್ನು ರೆಕಾರ್ಡ್ ಮಾಡಿ ಮತ್ತೆ ಮತ್ತೆ ಓಡಿಸುವುದು. "ಸ್ಟ್ರಿಂಗ್ ಸೆಲೆಕ್ಟ್ ಮಾಡು, ಅಳಿಸು, ಮುಂದಿನ ಸಾಲಿಗೆ ಹೋಗು" ಅನ್ನುವ ಮ್ಯಾಕ್ರೋ ನೂರಾರು ಸಾಲಿನ ಮೇಲೆ ಓಡುತ್ತಿರುತ್ತದೆ. ನಡುವೆ ಸ್ಟ್ರಿಂಗ್ ಇಲ್ಲದ ಸಾಲು ಬಂದಾಗ ಎರರ್ ಬಂದರೆ ಮ್ಯಾಕ್ರೋ ಅಲ್ಲೇ ನಿಲ್ಲುತ್ತದೆ. ಎರರ್ ಕೊಡದೆ ಸುಮ್ಮನಿದ್ದರೆ ಮುಂದಿನ ಅಳಿಸುವ ಕಮಾಂಡ್ ಇನ್ಯಾವುದನ್ನೋ ನುಂಗುತ್ತದೆ.

ಇಡೀ ವಿನ್ಯಾಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು: ಗಡಿ ಹುಡುಕುವ ಫಂಕ್ಷನ್ ಬೇರೆ, ಸೆಲೆಕ್ಟ್ ಮಾಡುವ ಫಂಕ್ಷನ್ ಬೇರೆ. ನನ್ನ--ಸ್ಟ್ರಿಂಗ್-ಬೌಂಡ್ಸ್ ಕರ್ಸರ್ ಅಲ್ಲಾಡಿಸುವುದಿಲ್ಲ, ಮಾರ್ಕ್ ಮುಟ್ಟುವುದಿಲ್ಲ. ಶುರು ಮತ್ತು ಕೊನೆಯ ಜೋಡಿ ಕೊಡುತ್ತದೆ, ಸಿಗದಿದ್ದರೆ ನಿಲ್, ಅಂದರೆ ಏನೂ ಇಲ್ಲ. ಇಮ್ಯಾಕ್ಸ್‌ನ ಥಿಂಗ್-ಅಟ್-ಪಾಯಿಂಟ್ ಲೈಬ್ರರಿಯೂ ಗಡಿಯನ್ನು ಹೀಗೇ ಜೋಡಿಯಾಗಿ ಕೊಡುತ್ತದೆ. ಗಡಿ ಕೈಗೆ ಬಂದರೆ ಅದರ ಮೇಲೆ ಸೆಲೆಕ್ಟ್, ಕಾಪಿ, ರಿಪ್ಲೇಸ್ ಮೂರೂ ಒಂದೆರಡು ಸಾಲಿನ ಕೆಲಸ. ಟೆಸ್ಟ್ ಬರೆಯುವುದೂ ಸುಲಭ, ಎರಡು ಸಂಖ್ಯೆ ಹೋಲಿಸಿದರೆ ಆಯಿತು. 2023ರಲ್ಲಿ ಇಮ್ಯಾಕ್ಸ್ 29 ಬಂದಾಗ ಟ್ರೀ-ಸಿಟರ್, ಅಂದರೆ ಕೋಡ್ ಓದಿ ಅದರ ರಚನೆಯನ್ನು ಮರದ ಹಾಗೆ ಕೊಡುವ ಲೈಬ್ರರಿ, ಒಳಗೇ ಸೇರಿತು. ಅದರಲ್ಲಿ ಫಂಕ್ಷನ್‌ನ ನೋಡ್‌ಗೆ ಪೈಥಾನ್‌ನಲ್ಲಿ ಫಂಕ್ಷನ್-ಡೆಫಿನಿಷನ್ ಅಂತ ಹೆಸರು, ಜಾವಾಸ್ಕ್ರಿಪ್ಟ್‌ನಲ್ಲಿ ಫಂಕ್ಷನ್-ಡಿಕ್ಲರೇಷನ್. ಅಂಥ ವ್ಯತ್ಯಾಸವೆಲ್ಲ ಬೌಂಡ್ಸ್ ಫಂಕ್ಷನ್‌ನಲ್ಲೇ ಮುಗಿಯಬೇಕು. ಕಮಾಂಡ್ ಹೆಸರಿಗೆ ಅದು ತಾಗಬಾರದು.

ಸೆಲೆಕ್ಟ್ ಮಾಡುವ ಫಂಕ್ಷನ್ ಒಂದೇ, ಎಲ್ಲ ವಸ್ತುಗಳಿಗೂ. ಮೊದಲು ಈಗಿನ ಜಾಗವನ್ನು ಪುಷ್-ಮಾರ್ಕ್ ಮಾಡುತ್ತದೆ, ಅಂದರೆ ಹಳೆಯ ಮಾರ್ಕ್‌ಗಳ ಸಾಲಿನಲ್ಲಿ ನೆನಪಿಡುತ್ತದೆ, ಆಮೇಲೆ ಶುರುವಿನಲ್ಲಿ ಮಾರ್ಕ್ ಇಟ್ಟು ಕರ್ಸರ್ ಅನ್ನು ಕೊನೆಗೆ ಒಯ್ಯುತ್ತದೆ. ಮಾರ್ಕ್-ಹೋಲ್-ಬಫರ್ ಕೂಡ ಮೂಲ ಜಾಗವನ್ನು ಹೀಗೇ ಉಳಿಸಿಡುತ್ತದೆ. ಇದರಿಂದ ಕಂಟ್ರೋಲ್-ಯು ಕಂಟ್ರೋಲ್-ಸ್ಪೇಸ್ ಎರಡು ಸಲ ಒತ್ತಿದರೆ ಮೊದಲಿದ್ದ ಜಾಗಕ್ಕೇ ವಾಪಸ್. ಕರ್ಸರ್ ಕೊನೆಯಲ್ಲಿ ಯಾಕೆ ಅಂದರೆ ಬಲಬಾಣ ಒತ್ತಿ ಸೆಲೆಕ್ಷನ್ ಬೆಳೆಸುವುದು ಸಹಜ. ಇಡೀ ಫಂಕ್ಷನ್ ಹಿಡಿಯುವಾಗ ಮಾತ್ರ ಕರ್ಸರ್ ಶುರುವಿಗೆ ಹೋಗುತ್ತದೆ, ಯಾವ ಫಂಕ್ಷನ್ ಅಂತ ಕಣ್ಣಿಗೆ ಕಾಣಬೇಕಲ್ಲ. ಇದನ್ನು ಹೆಸರಿಗೆ ತುರುಕಲಿಲ್ಲ. ಫಂಕ್ಷನ್ ಜೊತೆಗಿರುವ ವಿವರಣೆಯಾದ ಡಾಕ್‌ಸ್ಟ್ರಿಂಗ್‌ನ ಮೊದಲ ಸಾಲಿನಲ್ಲಿ ಬರೆದೆ.

ಕನ್ನಡದ್ದೇ ಒಂದು ವಿಷಯ. "ಎಚ್‌ಎಸ್‌ಆರ್ ಲೇಔಟ್" ಅನ್ನುವಲ್ಲಿ "ಚ್" ಆದ ಮೇಲೆ ಜೀರೋ ವಿಡ್ತ್ ನಾನ್ ಜಾಯಿನರ್, ಅಂದರೆ ಅಕ್ಷರಗಳು ಒತ್ತಕ್ಷರವಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ನನ್ನ ಸೆಟಪ್‌ನಲ್ಲಿ ಅದು ವಿರಾಮಚಿಹ್ನೆಯ ಲೆಕ್ಕಕ್ಕೆ ಬರುತ್ತಿತ್ತು, ಪದ ಸೆಲೆಕ್ಟ್ ಮಾಡಿದರೆ "ಎಚ್" ಮಾತ್ರ. ಇದನ್ನು ಸೆಲೆಕ್ಟ್ ಫಂಕ್ಷನ್‌ನಲ್ಲಿ ಸರಿಮಾಡುವುದು ಬೇಡ ಅನಿಸಿತು. ಯಾವ ಅಕ್ಷರ ಯಾವ ಬಗೆಯದು ಅಂತ ಇಮ್ಯಾಕ್ಸ್‌ಗೆ ಹೇಳುವ ಸಿಂಟ್ಯಾಕ್ಸ್ ಟೇಬಲ್‌ನಲ್ಲೇ ಆ ಅಕ್ಷರ ಪದದ ಭಾಗ ಅಂತ ಹೇಳಿದೆ. ಪದದಿಂದ ಪದಕ್ಕೆ ಹೋಗುವುದು, ಪದ ಅಳಿಸುವುದು ಎಲ್ಲವೂ ಒಟ್ಟಿಗೇ ಸರಿಹೋದವು. "ಕೆ.ಆರ್. ಮಾರ್ಕೆಟ್"ನ ಚುಕ್ಕಿಗೆ ಹಾಗೆ ಮಾಡಲಿಲ್ಲ. ಚುಕ್ಕಿಯನ್ನು ಪದಕ್ಕೆ ಸೇರಿಸಿದರೆ ಪೈಥಾನ್‌ನಲ್ಲಿ ಆಬ್ಜೆಕ್ಟ್ ಮತ್ತು ಮೆಥಡ್ ಅಂಟಿಕೊಳ್ಳುತ್ತವೆ.

ಮ್ಯಾಗ್ನಾರ್ ಸ್ವೇನ್ ಬರೆದ ಎಕ್ಸ್‌ಪ್ಯಾಂಡ್-ರೀಜನ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳಬಹುದು. ಅದನ್ನೂ ಬಳಸುತ್ತೇನೆ, ತುಂಬ ಒಳ್ಳೆಯ ಪ್ಯಾಕೇಜ್. ಒಂದೇ ಕೀ ಒತ್ತುತ್ತಾ ಹೋದರೆ ಪದ, ಸ್ಟ್ರಿಂಗ್, ಬ್ರಾಕೆಟ್ ಅಂತ ಸೆಲೆಕ್ಷನ್ ಬೆಳೆಯುತ್ತದೆ. ಆದರೆ ಪ್ರತಿ ಸಲ ಕಣ್ಣಿಟ್ಟು ಎಲ್ಲಿ ನಿಲ್ಲಿಸಬೇಕು ಅಂತ ನೋಡಬೇಕು. ಏನು ಬೇಕು ಅಂತ ಮೊದಲೇ ಗೊತ್ತಿದ್ದಾಗ ನೇರವಾಗಿ ಹೋಗುವುದೇ ವಾಸಿ. ಬೆಳೆಸುವ ಗುಣವನ್ನು ಮಾತ್ರ ಅಲ್ಲಿಂದ ತೆಗೆದುಕೊಂಡೆ: ನನ್ನ ಸ್ಟ್ರಿಂಗ್ ಕೀ ಒಂದು ಸಲ ಒತ್ತಿದರೆ ಒಳಗಿನದು, ತಕ್ಷಣ ಇನ್ನೊಂದು ಸಲ ಒತ್ತಿದರೆ ಕೋಟ್ಸ್ ಸಮೇತ. ಕಮಾಂಡ್ ಎರಡು, ಕೀ ಒಂದು.

ಈಗ ಬರೆಯುತ್ತಿರುವುದು ಫಂಕ್ಷನ್ ಕಾಲ್‌ನ ಆರ್ಗ್ಯುಮೆಂಟ್‌ಗೆ. ಇಲ್ಲಿ ತಲೆನೋವು ಕಾಮಾದ್ದು. ನಡುವಿನ ಆರ್ಗ್ಯುಮೆಂಟ್ ಅಳಿಸುವಾಗ ಒಂದು ಕಾಮಾ ಹೋಗಬೇಕು, ಕೊನೆಯದನ್ನು ಅಳಿಸುವಾಗ ಹಿಂದಿನ ಕಾಮಾ ಹೋಗಬೇಕು, ಒಂದೇ ಒಂದು ಇದ್ದರೆ ಯಾವುದೂ ಇಲ್ಲ. ಗಡಿಯ ಕೋಡ್ ಆಗಿದೆ. ಕಾಮಾ ಬಿಟ್ಟು ಹಿಡಿಯುವುದಕ್ಕೆ "ಇನ್ಸೈಡ್" ಹೊಂದುವುದಿಲ್ಲ, ಆರ್ಗ್ಯುಮೆಂಟ್‌ಗೆ ಒಳಗು ಅಂತ ಇಲ್ಲವಲ್ಲ. ಸದ್ಯಕ್ಕೆ ಬರೀ ನನ್ನ-ಸೆಲೆಕ್ಟ್-ಆರ್ಗ್ಯುಮೆಂಟ್ ಮತ್ತು ಅದರ ಜೋಡಿ ವಿತ್-ಕಾಮಾ ಅಂತ ಇಟ್ಟಿದ್ದೇನೆ. ಕೀ ಇನ್ನೂ ಕೊಟ್ಟಿಲ್ಲ.