ಹುಣಸೆಹುಳಿ ಬೇಡ, ಬೆಳಕು ಸಾಕು: ಹಳೆ ನಾಣ್ಯದ ಫೋಟೊ ತೆಗೆಯುವುದು ಹೇಗೆ?

ಶಿರಸಿ ಕಡೆಯ ಹಳೆ ಮನೆಗಳಲ್ಲಿ ದೇವರ ಪೆಟ್ಟಿಗೆ ತೆರೆದರೆ ಅರಿಶಿನ, ಕುಂಕುಮ ಮೆತ್ತಿದ ಒಂದೆರಡು ಬೆಳ್ಳಿ ರೂಪಾಯಿ ಸಿಗುತ್ತವೆ. ಕಾರವಾರದ ಮನೆಯಾದರೆ ಅವುಗಳ ಜೊತೆ ಗೋವಾದ ರುಪಿಯಾ, ತಾಂಗಾ ಕೂಡ ಇರಬಹುದು. ಮಾಜಾಳಿ ದಾಟಿದರೆ ಗೋವಾ, 1961ರ ಡಿಸೆಂಬರ್‌ವರೆಗೆ ಅಲ್ಲಿ ಪೋರ್ಚುಗೀಸರ ಆಡಳಿತ ಇತ್ತಲ್ಲ. ಇವುಗಳ ಫೋಟೊ ತೆಗೆದಿಡೋಣ ಅಂತ ಹೊರಟರೆ ಬರುವುದು ಒಂದು ಬಿಳಿ ಚುಕ್ಕೆ, ಇಲ್ಲವೇ ಕಪ್ಪು ಬಿಲ್ಲೆ.

ಆಗ ಹೊಳೆಯುವ ಮೊದಲ ಉಪಾಯ ನಾಣ್ಯ ತಿಕ್ಕಿ ತೊಳೆಯುವುದು. ದಯವಿಟ್ಟು ಬೇಡ. ಅಜ್ಜಿ ಕೊಟ್ಟ ತೂತಿನ ಕಾಸೊಂದನ್ನು ನಾನು ಹುಣಸೆಹುಳಿ ಹಾಕಿ ತಿಕ್ಕಿದ್ದೆ. 1943ರಿಂದ 1947ರವರೆಗೆ ಬಂದ ಕಂಚಿನ ಕಾಸು ಅದು. ಅಷ್ಟು ವರ್ಷ ಕಟ್ಟಿದ್ದ ಕಂದು ಬಣ್ಣ ಐದು ನಿಮಿಷದಲ್ಲಿ ಹೋಯಿತು, ಮೇಲೆ ಗೀರು ಬಿತ್ತು. ಆ ಬಣ್ಣ ವಾಪಸ್ ಬರುವುದಿಲ್ಲ. ಇವತ್ತಿಗೂ ಆ ಕಾಸು ನೋಡಿದರೆ ಬೇಜಾರಾಗುತ್ತದೆ. ತಿಕ್ಕಿ ಪಡೆಯಬೇಕು ಅಂದುಕೊಂಡಿದ್ದನ್ನೆಲ್ಲ ಬೆಳಕಿನಿಂದಲೇ ಪಡೆಯಬಹುದು ಅಂತ ಆಗ ಗೊತ್ತಿರಲಿಲ್ಲ.

ಧೂಳಿದ್ದರೆ ಬ್ಲೋವರ್‌ನಿಂದ (ಹಿಚುಕಿದರೆ ಗಾಳಿ ಬಿಡುವ ರಬ್ಬರ್ ಬುಡ್ಡೆ) ಊದಿ. ಬಾಯಿಂದ ಊದಿದರೆ ಎಂಜಲು ಸಿಡಿದು ಕಲೆಯಾಗುತ್ತದೆ. ನಾಣ್ಯವನ್ನು ಅಂಚು ಹಿಡಿದೇ ಎತ್ತಿ.

ಕ್ಯಾಮೆರಾವನ್ನು ಟ್ರೈಪಾಡ್‌ಗೆ ಹಾಕಿ, ನೇರ ಕೆಳಗೆ ನೋಡುವಂತೆ ಕಟ್ಟಿ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಇದ್ದರೆ ಒಳ್ಳೆಯದು. ಸಣ್ಣ ಕ್ಯಾಮೆರಾದಲ್ಲಿ ಹೂವಿನ ಗುರುತಿನ ಮೋಡ್ ಸಾಕು. ಕ್ಯಾಮೆರಾ ಸ್ವಲ್ಪ ವಾಲಿದರೂ ನಾಣ್ಯದ ಒಂದು ಬದಿ ಮಸುಕಾಗುತ್ತದೆ. ಇದಕ್ಕೆ ಸುಲಭದ ಪರೀಕ್ಷೆ ಇದೆ. ನಾಣ್ಯ ಇಡುವ ಜಾಗದಲ್ಲಿ ಪುಟ್ಟ ಕನ್ನಡಿ ಇಡಿ. ಪರದೆಯ ನಟ್ಟನಡುವೆ ಲೆನ್ಸಿನದೇ ಬಿಂಬ ಕಂಡರೆ ಕ್ಯಾಮೆರಾ ಸರಿಯಾಗಿದೆ. ಪಕ್ಕಕ್ಕೆ ಸರಿದಿದ್ದರೆ ವಾಲಿದೆ ಅಂತ ಅರ್ಥ.

ಫ್ಲಾಶ್ ಬಂದ್ ಮಾಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಬೆಳಕು ಬಿಡುವ ಲೆನ್ಸಿನ ಕಿಂಡಿ) ಎಫ್8, 2 ಸೆಕೆಂಡಿನ ಟೈಮರ್ ಇಡಿ. ಫೋಕಸ್ ಕೈಯಿಂದಲೇ ಮಾಡಿ. ಪರದೆಯಲ್ಲಿ ದೊಡ್ಡದು ಮಾಡಿಕೊಂಡು ಇಸವಿಯ ಅಂಕಿ ಚೂಪಾಗುವವರೆಗೆ ತಿರುಗಿಸಿ. ಬಣ್ಣ ಸರಿಯಾಗಿ ಬರಲು ಬಿಳಿ ಹಾಳೆ ತೋರಿಸಿ ವೈಟ್ ಬ್ಯಾಲೆನ್ಸ್ ಹೊಂದಿಸಿ. ಕಿಟಕಿ ಬೆಳಕು, ಟ್ಯೂಬ್‌ಲೈಟ್ ಎರಡನ್ನೂ ಬೆರೆಸಬೇಡಿ, ಬೆಳ್ಳಿ ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ ಕಾಣುತ್ತದೆ.

ಇನ್ನು ಬೆಳಕು. ಅವಸರ ಬಿಟ್ಟು ಕೂರಬೇಕಾದ್ದು ಇಲ್ಲೇ. ಒಂದು ಎಲ್‌ಇಡಿ ಮೇಜುದೀಪ ತಗೊಳ್ಳಿ. ನಾಣ್ಯವನ್ನು ಗಡಿಯಾರ ಅಂದುಕೊಂಡರೆ ದೀಪ 10 ಅಥವಾ 11 ಗಂಟೆಯ ಕಡೆ ಇರಲಿ. 6 ಗಂಟೆಯ ಕಡೆಯಿಂದ ಬೆಳಕು ಬಂದರೆ ಉಬ್ಬಿದ ಮುಖ ಗುಳಿಬಿದ್ದಂತೆ ಕಾಣುತ್ತದೆ, ಯಾಕೆಂದರೆ ಬೆಳಕು ಮೇಲಿನಿಂದಲೇ ಬರುತ್ತದೆ ಅಂತ ನಮ್ಮ ಕಣ್ಣಿಗೆ ರೂಢಿ. ದೀಪ ಎತ್ತರದಲ್ಲಿದ್ದಷ್ಟೂ ಲೋಹದ ಬಣ್ಣ ಚೆನ್ನಾಗಿ ಬರುತ್ತದೆ. ಮೇಜಿನ ಮಟ್ಟಕ್ಕೆ ತಗ್ಗಿಸುತ್ತ ಬಂದರೆ ಸವೆದ ಅಕ್ಷರಗಳ ಪಕ್ಕ ನೆರಳು ಬಿದ್ದು, ಇಲ್ಲವೇ ಇಲ್ಲ ಅಂದುಕೊಂಡ ಇಸವಿ ಎದ್ದು ಬರುತ್ತದೆ. ಮೊದಲ ಸಲ ಹಾಗೆ ಕಂಡಾಗ ಆಗುವ ಖುಷಿಯೇ ಬೇರೆ!

1911ರ ಐದನೇ ಜಾರ್ಜ್ ರೂಪಾಯಿ ಸಿಕ್ಕಿದರೆ ಇದನ್ನು ಖಂಡಿತ ಮಾಡಿ ನೋಡಿ. ರಾಜನ ನಿಲುವಂಗಿಯ ಮೇಲೆ ಪುಟ್ಟ ಆನೆ ಇದೆ. ಸೊಂಡಿಲು ಮೋಟಾಗಿ ಅದು ಹಂದಿಯ ಹಾಗೆ ಕಾಣುತ್ತದೆ ಅಂತ ಜನ ಸಿಟ್ಟಾದರು. 1912ರಲ್ಲಿ ಅಚ್ಚು ಬದಲಾಯಿತು. ಹಿಂದಿನದಕ್ಕೆ ‘ಹಂದಿ ರೂಪಾಯಿ’ ಅಂತಲೇ ಹೆಸರು. ಆ ಸೊಂಡಿಲು ತೋರಿಸಲು ದೀಪವನ್ನು ಬೆರಳಗಲ ಸರಿಸಿದರೂ ವ್ಯತ್ಯಾಸ ಆಗುತ್ತದೆ.

ಬೆಳ್ಳಿ ಕಣ್ಣು ಕುಕ್ಕಿದರೆ ದೀಪದ ಮುಂದೆ ಟ್ರೇಸಿಂಗ್ ಪೇಪರ್ ಹಿಡಿಯಿರಿ. ಮಳೆಗಾಲದ ಬೆಳಿಗ್ಗೆ ಜಗಲಿಯ ಅಂಚಿನಲ್ಲಿ ಕೂತರೆ ಅದೂ ಬೇಡ, ಮೋಡವೇ ಬೆಳಕನ್ನು ಮೆದು ಮಾಡಿರುತ್ತದೆ. ಕಪ್ಪು ಬಟ್ಟೆಯ ಮೇಲಿಟ್ಟ ಬೆಳ್ಳಿ ಬೆಳ್ಳಗೆ ಸುಟ್ಟಂತೆ ಬಂದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಒಳಬರುವ ಬೆಳಕನ್ನು ಅರ್ಧ ಮಾಡಿ. ಸುತ್ತ ಕಪ್ಪು ಜಾಸ್ತಿ ಇದ್ದಾಗ ಕ್ಯಾಮೆರಾ ಕತ್ತಲೆ ಅಂದುಕೊಳ್ಳುತ್ತದೆ, ಅಷ್ಟೇ.

ಎರಡೂ ಬದಿ ಒಂದೇ ಬೆಳಕಿನಲ್ಲಿ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು ತೆಗೆಯಿರಿ. ತೂಕವನ್ನೂ ಬರೆದಿಡಿ. ಬ್ರಿಟಿಷರ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ.

ಆಮೇಲೆ ನಾಣ್ಯವನ್ನು ಮೆತ್ತನೆಯ ಪಿವಿಸಿ ಕವರಿಗೆ ಹಾಕಬೇಡಿ, ಹಸಿರು ಅಂಟು ಹತ್ತುತ್ತದೆ. ಕಾಗದದ ಲಕೋಟೆಯಲ್ಲಿಟ್ಟು ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ದೀಪ, ಕ್ಯಾಮೆರಾ ಎಲ್ಲೆಲ್ಲಿದ್ದವು ಅಂತ ಒಂದು ಚೀಟಿಯಲ್ಲಿ ಗುರುತು ಮಾಡಿಕೊಂಡಿರಿ. ಮಳೆ ಮುಗಿದು ದೀಪಾವಳಿ ಹೊತ್ತಿಗೆ ಹಾಗೆಯೇ ಇನ್ನೊಂದು ಫೋಟೊ ತೆಗೆದು ಪಕ್ಕದಲ್ಲಿಟ್ಟು ನೋಡಿದರೆ, ಹೊಸದಾಗಿ ಕಿಲುಬು ಹತ್ತಿದೆಯೋ ಇಲ್ಲವೋ ತಿಳಿಯುತ್ತದೆ.